ಹಡಗಿನ ಪ್ರೊಪೆಲ್ಲರ್ ಕೊರೆದ ಗುಳ್ಳೆ ಕನ್ನಡಕ ತೊಳೆಯಲು ಬಂದ ಕಥೆ

ತಾಲ್ಲೂಕು ಕೇಂದ್ರಗಳ ಕನ್ನಡಕದ ಅಂಗಡಿಗಳಲ್ಲಿ, ಚಿನ್ನಬೆಳ್ಳಿ ಅಂಗಡಿಗಳ ಗಲ್ಲಾ ಪಕ್ಕದಲ್ಲಿ ಈಗೀಗ ಒಂದು ಸ್ಟೀಲ್ ತೊಟ್ಟಿ ಕಾಣಸಿಗುತ್ತದೆ. ಊಟದ ಡಬ್ಬಿಗಿಂತ ತುಸು ದೊಡ್ಡದು. ಒಳಗೆ ನೀರು, ಅದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಸೋಪು. ಕನ್ನಡಕವನ್ನೋ ಉಂಗುರವನ್ನೋ ಇಳಿಬಿಟ್ಟು ಗುಂಡಿ ಒತ್ತಿದರೆ ಜೀರುಂಡೆ ಕೂಗಿದಂಥ ಸಣ್ಣ ಸದ್ದು. ಮೂರು ನಿಮಿಷ ಕಳೆಯುವಷ್ಟರಲ್ಲಿ ಸಂದುಗೊಂದಿಗಳಲ್ಲಿ ವರ್ಷಗಟ್ಟಲೆ ಕೂತಿದ್ದ ಜಿಡ್ಡು ಹೊಗೆಯಂತೆ ನೀರಿಗೆ ಬಿಟ್ಟುಕೊಳ್ಳುತ್ತದೆ. ಉಜ್ಜಿದವರಿಲ್ಲ, ಬ್ರಷ್ ಇಲ್ಲ, ಆಸಿಡ್ ಇಲ್ಲ. ಇದರ ಹೆಸರು ಅಲ್ಟ್ರಾಸಾನಿಕ್ ಕ್ಲೀನರ್. ಪುಟ್ಟ ರೈಲು, ವಿಮಾನಗಳ ಮಾದರಿ ಮಾಡುವ ಹವ್ಯಾಸಿಗಳ ಮೇಜಿನ ಮೇಲೂ, ಕೆಲವರ ಮನೆಯ ಬಚ್ಚಲ ಪಕ್ಕದಲ್ಲೂ ಇದು ಬಂದು ಕೂತಿದೆ.

ಕೊಳೆ ಬಿಡಿಸಿದವರು ಯಾರು ಎಂದರೆ ಉತ್ತರ ಒಂದೇ ಪದದ್ದು: ಗುಳ್ಳೆ. ನೀರಿನಲ್ಲಿ ಹುಟ್ಟಿ ಕಣ್ಣು ಮಿಟುಕಿಸುವ ಮೊದಲೇ ಒಡೆದುಹೋಗುವ ಕೋಟ್ಯಂತರ ಸೂಕ್ಷ್ಮ ಗುಳ್ಳೆಗಳು. ಆದರೆ ಈ ಗುಳ್ಳೆಯನ್ನು ಯಾರೂ ತೊಳೆಯಲೆಂದು ಹುಡುಕಲಿಲ್ಲ. ಇದರ ಚರಿತ್ರೆ ಓದುತ್ತಾ ಹೋದಂತೆ ನಮಗೆ ಎದ್ದು ಕಂಡದ್ದು ಇದೇ. ಪ್ರತಿ ಹಂತದಲ್ಲೂ ಜನ ಮೊದಲು ಕಂಡದ್ದು ಹಾನಿಯನ್ನು. ಹಡಗು ಓಡಲಿಲ್ಲ, ಲೋಹ ತೂತು ಬಿತ್ತು, ಮೀನು ಸತ್ತವು, ಬೆರಳು ಸುಟ್ಟವು. ಆ ಹಾನಿಗೆ ಮೂಗುದಾರ ಹಾಕಿದ ಮೇಲೆ ಅದು ಶುಚಿ ಮಾಡುವ ಕೆಲಸಕ್ಕೆ ಬಂತು. ಈ ಹಿನ್ನೆಲೆ ಗೊತ್ತಿದ್ದವರಿಗೆ ತೊಟ್ಟಿಯಲ್ಲಿ ಏನು ಹಾಕಬಹುದು, ಏನು ಹಾಕಬಾರದು ಎಂಬುದನ್ನು ಬೇರೆಯಾಗಿ ಹೇಳಿಕೊಡಬೇಕಿಲ್ಲ.

ಓಡಲೊಲ್ಲದ ಹಡಗು

ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. 1890ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆ ವೇಗದ ಯುದ್ಧನೌಕೆಗಳನ್ನು ಕಟ್ಟಿಸುತ್ತಿತ್ತು. ಥಾರ್ನಿಕ್ರಾಫ್ಟ್ ಕಂಪನಿ ಕಟ್ಟಿದ 'ಡೇರಿಂಗ್' ಎಂಬ ನೌಕೆ 1894ರ ಪರೀಕ್ಷಾ ಓಟದಲ್ಲಿ ಅಂದುಕೊಂಡ ವೇಗ ಮುಟ್ಟಲಿಲ್ಲ. ಎಂಜಿನ್‌ನಲ್ಲಿ ದೋಷವಿರಲಿಲ್ಲ. ಎಂಜಿನ್ ಎಷ್ಟು ಜೋರಾಗಿ ತಿರುಗಿಸಿದರೂ ಪ್ರೊಪೆಲ್ಲರ್ ನೀರನ್ನು ಹಿಡಿಯದೆ ಬರಿದೇ ಸುತ್ತುತ್ತಿತ್ತು. ಥಾರ್ನಿಕ್ರಾಫ್ಟ್ ಮತ್ತು ಸಿಡ್ನಿ ಬಾರ್ನಬಿ ಕಾರಣ ಹುಡುಕಿದರು. ರೆಕ್ಕೆ ಅತಿ ವೇಗದಲ್ಲಿ ತಿರುಗುವಾಗ ಅದರ ಬೆನ್ನ ಹಿಂದೆ ನೀರಿನ ಒತ್ತಡ ತೀರಾ ಕುಸಿಯುತ್ತದೆ. ಒತ್ತಡ ಅಷ್ಟು ಇಳಿದರೆ ತಣ್ಣೀರೂ ಕುದಿಯುತ್ತದೆ. ಅಲ್ಲಿ ಆವಿಯ ಪೊಳ್ಳು ಹುಟ್ಟುತ್ತದೆ, ರೆಕ್ಕೆ ಆ ಪೊಳ್ಳಿನಲ್ಲಿ ಸುತ್ತುತ್ತದೆ. ಆರ್. ಇ. ಫ್ರೌಡ್ ಸೂಚಿಸಿದಂತೆ ಇದಕ್ಕೆ 'ಕ್ಯಾವಿಟೇಶನ್' ಎಂಬ ಹೆಸರು ಬಂತು. ಪೊಳ್ಳಾಗುವುದು ಎಂದೇ ಅದರ ಅರ್ಥ. ರೆಕ್ಕೆಗಳನ್ನು ಅಗಲ ಮಾಡಿದ ಮೇಲೆ ಡೇರಿಂಗ್ ಓಡಿತು.

ಉಗಿ ಟರ್ಬೈನಿನ ಚಾರ್ಲ್ಸ್ ಪಾರ್ಸನ್ಸ್‌ಗೂ ಅದೇ ಹೊತ್ತಿನಲ್ಲಿ ಅದೇ ತೊಡಕು ಎದುರಾಯಿತು. ಅವರ 'ಟರ್ಬಿನಿಯಾ' ದೋಣಿ ಶುರುವಿನಲ್ಲಿ ನಿರಾಸೆ ಮಾಡಿತು. ನೀರಿನ ತೊಟ್ಟಿಯೊಂದನ್ನು ಕಟ್ಟಿ, ಅದರೊಳಗೆ ಪುಟ್ಟ ಪ್ರೊಪೆಲ್ಲರ್ ತಿರುಗಿಸಿ, ಗುಳ್ಳೆ ಏಳುವುದನ್ನು ಅವರು ಕಣ್ಣಾರೆ ಕಂಡರು. ನಂತರ ಮೂರು ದಂಡ, ಒಂದೊಂದು ದಂಡಕ್ಕೆ ಮೂರು ಪ್ರೊಪೆಲ್ಲರ್ ಹಾಕಿದ ಮೇಲೆ 1897ರಲ್ಲಿ ಅದೇ ದೋಣಿ ರಾಣಿಯ ನೌಕಾ ಕವಾಯತಿನ ಮುಂದೆ ಸುಮಾರು 34 ನಾಟ್ ವೇಗದಲ್ಲಿ ಹಾದುಹೋಯಿತು.

ವೇಗದ ಸಮಸ್ಯೆ ಹೀಗೆ ಬಗೆಹರಿದರೂ ಇನ್ನೊಂದು ಪೀಡೆ ಉಳಿಯಿತು. ದೊಡ್ಡ ಹಡಗುಗಳ ಕಂಚಿನ ಪ್ರೊಪೆಲ್ಲರ್‌ಗಳನ್ನು ಎತ್ತಿ ನೋಡಿದರೆ ಮೈಯೆಲ್ಲ ಹುಳು ತಿಂದ ಹಲಗೆಯಂತೆ ಗುಳಿ ಬಿದ್ದಿರುತ್ತಿತ್ತು. ತುಕ್ಕಲ್ಲ, ಉಪ್ಪಲ್ಲ. ಹಾಗಾದರೆ ಏನು? ಇದರ ಲೆಕ್ಕವನ್ನು 1917ರಲ್ಲಿ ಬರೆದುಕೊಟ್ಟವರು ಲಾರ್ಡ್ ರೇಲಿ. ಅವರು ತಮ್ಮ ಪ್ರಬಂಧವನ್ನು ಶುರು ಮಾಡಿದ್ದು ಹಡಗಿನಿಂದಲ್ಲ, ಟೀ ಕೆಟಲ್‌ನಿಂದ. ಒಲೆ ಮೇಲಿಟ್ಟ ನೀರು ಕುದಿಯುವುದಕ್ಕೆ ಸ್ವಲ್ಪ ಮುಂಚೆ ಸುಯ್ಯೆಂದು ಸದ್ದು ಮಾಡುವುದನ್ನು ನಮ್ಮ ಅಡುಗೆ ಮನೆಯಲ್ಲಿ ಎಲ್ಲರೂ ಕೇಳಿರುತ್ತೇವೆ. ಪಾತ್ರೆಯ ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆ ಮೇಲಿನ ತಣ್ಣೀರಿಗೆ ಬಂದಾಗ ಕುಗ್ಗಿ ಕುಸಿಯುತ್ತದೆ, ಆ ಸದ್ದು ಅದರದ್ದು. ಗುಂಡನೆಯ ಗುಳ್ಳೆ ಹೀಗೆ ಕುಸಿಯುವಾಗ ಸುತ್ತಲಿನ ನೀರೆಲ್ಲ ಒಂದೇ ಬಿಂದುವಿಗೆ ನುಗ್ಗುತ್ತದೆ, ಆ ಬಿಂದುವಿನಲ್ಲಿ ಒತ್ತಡ ಊಹಿಸಲಾಗದಷ್ಟು ಏರುತ್ತದೆ ಎಂದು ರೇಲಿ ತೋರಿಸಿದರು. ಕಂಚನ್ನು ಕೊರೆದದ್ದು ಖಾಲಿ ಗುಳ್ಳೆ.

ಸತ್ತ ಮೀನು

ಆ ಗುಳ್ಳೆಯನ್ನು ಪ್ರೊಪೆಲ್ಲರ್ ಇಲ್ಲದೆ, ಬರೀ ಶಬ್ದದಿಂದ ಎಬ್ಬಿಸಬಹುದು ಎಂಬುದು ಇನ್ನೊಂದು ದಾರಿಯಿಂದ ಬಂದ ತಿಳಿವಳಿಕೆ.

ಅಡುಗೆ ಮನೆಯ ಗ್ಯಾಸ್ ಲೈಟರ್ ಒತ್ತಿದಾಗ ಟಕ್ಕೆಂದು ಕಿಡಿ ಬರುತ್ತದಲ್ಲ, ಅದರೊಳಗೆ ಬ್ಯಾಟರಿ ಇಲ್ಲ. ಒಂದು ಬಗೆಯ ಹರಳಿಗೆ ಏಟು ಬಿದ್ದಾಗ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಇದನ್ನು 1880ರಲ್ಲಿ ಪ್ಯಾರಿಸ್ಸಿನಲ್ಲಿ ಕಂಡುಹಿಡಿದವರು ಇಪ್ಪತ್ತರ ಹರೆಯದ ಅಣ್ಣತಮ್ಮಂದಿರು, ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ. ಅವರು ಪರೀಕ್ಷಿಸಿದ ಹರಳುಗಳಲ್ಲಿ ನಮ್ಮ ಹೊಲಗದ್ದೆಗಳಲ್ಲಿ ಸಿಗುವ ಬೆಣಚುಕಲ್ಲಿನ ಜಾತಿಯದ್ದೂ ಇತ್ತು. ಮುಂದಿನ ವರ್ಷವೇ ತಿರುಗಾಮುರುಗಾ ಕೂಡ ಸಾಧ್ಯ ಎಂಬುದು ಖಚಿತವಾಯಿತು: ಹರಳಿಗೆ ವಿದ್ಯುತ್ ಕೊಟ್ಟರೆ ಅದು ಹಿಗ್ಗಿ ಕುಗ್ಗುತ್ತದೆ. ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಕೊಟ್ಟರೆ ಸಾವಿರಾರು ಸಲ ನಡುಗುತ್ತದೆ. ಕಬ್ಬಿಣದ ಸರಳು ಆಯಸ್ಕಾಂತವಾದಾಗ ಕೂದಲೆಳೆಗಿಂತ ಕಡಿಮೆಯಷ್ಟು ಉದ್ದವಾಗುತ್ತದೆ ಎಂಬುದನ್ನು ಜೇಮ್ಸ್ ಜೌಲ್ 1842ರಲ್ಲೇ ಕಂಡಿದ್ದರು. ನಡುಕ ಹುಟ್ಟಿಸಲು ಎರಡು ದಾರಿಗಳು ಸಿಕ್ಕಿದ್ದವು, ಆದರೆ ಅದರಿಂದ ಮಾಡುವುದೇನು ಎಂಬುದು ಹೊಳೆದಿರಲಿಲ್ಲ.

ಅದನ್ನು ಹೊಳೆಯಿಸಿದ್ದು ಯುದ್ಧ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ನೀರೊಳಗಿನ ಅಡ್ಡಿಗಳನ್ನು ಶಬ್ದದ ಪ್ರತಿಧ್ವನಿಯಿಂದ ಪತ್ತೆ ಮಾಡುವ ಯೋಚನೆಗಳು ಬಂದವು. ಎರಡೇ ವರ್ಷದಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಜರ್ಮನ್ ಸಬ್‌ಮರೀನ್‌ಗಳು ಹಡಗುಗಳನ್ನು ಮುಳುಗಿಸತೊಡಗಿದಾಗ ಅದೇ ಅಗತ್ಯ ತುರ್ತಾಯಿತು. ಪಿಯರ್ ಕ್ಯೂರಿಯ ಶಿಷ್ಯ ಪಾಲ್ ಲಾಂಜೆವಿನ್, ಬೆಣಚುಕಲ್ಲಿನ ತೆಳು ಹೋಳುಗಳನ್ನು ಎರಡು ಉಕ್ಕಿನ ತಟ್ಟೆಗಳ ನಡುವೆ ಅಂಟಿಸಿ, ಮನುಷ್ಯರ ಕಿವಿಗೆ ಕೇಳದ ಶಬ್ದವನ್ನು ನೀರಿಗೆ ಬಿಡುವ ಸಾಧನ ಮಾಡಿದರು. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ 20,000 ಕಂಪನದವರೆಗೆ. ಅದರ ಆಚೆಗಿನದ್ದೇ ಅಲ್ಟ್ರಾಸೌಂಡ್, ಶಾಲೆಯ ಪುಸ್ತಕದ ಭಾಷೆಯಲ್ಲಿ ಶ್ರವಣಾತೀತ ಶಬ್ದ.

ಪ್ರಯೋಗದ ಹೊತ್ತಿನಲ್ಲಿ ಲಾಂಜೆವಿನ್ ಇನ್ನೆರಡು ಸಂಗತಿ ಗಮನಿಸಿದರು. ಆ ಶಬ್ದದ ದಾರಿಗೆ ಅಡ್ಡ ಬಂದ ಮೀನುಗಳು ಸಾಯುತ್ತಿದ್ದವು. ನೀರಿನಲ್ಲಿ ಕೈ ಇಟ್ಟರೆ ಮೂಳೆ ಕಾಯಿಸಿದಂಥ ನೋವಾಗುತ್ತಿತ್ತು.

ಟುಲೋನ್ ಬಂದರಿನಲ್ಲಿ ಇದನ್ನು ನೋಡಿದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಅದನ್ನು ಮರೆಯಲಿಲ್ಲ. ಹತ್ತು ವರ್ಷದ ನಂತರ ವಿಜ್ಞಾನದ ಗೀಳಿದ್ದ ಶ್ರೀಮಂತ ಬ್ಯಾಂಕರ್ ಆಲ್ಫ್ರೆಡ್ ಲೂಮಿಸ್ ಜೊತೆ ಸೇರಿ, ನ್ಯೂಯಾರ್ಕ್ ಸಮೀಪದ ಟಕ್ಸಿಡೋ ಪಾರ್ಕ್‌ನ ಖಾಸಗಿ ಪ್ರಯೋಗಶಾಲೆಯಲ್ಲಿ ಆ ಹಾನಿಯನ್ನೇ ಅಭ್ಯಾಸ ಮಾಡಿದರು. ಎಣ್ಣೆಯಲ್ಲಿ ಮುಳುಗಿಸಿದ ಹರಳನ್ನು ನಡುಗಿಸಿದಾಗ ಎಣ್ಣೆಯ ಮೇಲ್ಮೈ ಹುತ್ತದಂತೆ ಉಬ್ಬಿ ನಿಂತಿತು. ನಡುಗುವ ಗಾಜಿನ ಕಡ್ಡಿ ಹಿಡಿದರೆ ಬೆರಳಿನ ಚರ್ಮ ಸುಟ್ಟಿತು. ಸಣ್ಣ ಮೀನು, ಕಪ್ಪೆಗಳು ಒಂದೆರಡು ನಿಮಿಷದಲ್ಲಿ ಸತ್ತವು. ರಕ್ತದ ಕೆಂಪು ಕಣಗಳು ಛಿದ್ರವಾದವು. 1927ರಲ್ಲಿ ಪ್ರಕಟವಾದ ಅವರ ಪ್ರಬಂಧದಿಂದಲೇ ತೀಕ್ಷ್ಣ ಶ್ರವಣಾತೀತ ಶಬ್ದದ ಅಧ್ಯಯನ ಒಂದು ಶಾಖೆಯಾಗಿ ನಿಂತಿತು. ಕಪ್ಪೆಗಳ ಪಾಲಿಗೆ ಇದೇನೂ ಹೆಮ್ಮೆಯ ಚರಿತ್ರೆಯಲ್ಲ.

ಈ ಅಧ್ಯಯನದಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ನೀರಿನಂಥ ದ್ರವದಲ್ಲಿ ಶ್ರವಣಾತೀತ ಶಬ್ದ ಹರಿಯುವಾಗ ಅದರ ಮೂಲಕ ಬೆಳಕು ಹಾಯಿಸಿದರೆ ಬೆಳಕು ಹಲವು ಕವಲಾಗಿ ಒಡೆಯುತ್ತದೆ ಎಂಬುದನ್ನು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ಕಂಡಿದ್ದರು. ಯಾಕೆ ಹಾಗೆ, ಯಾವ ಕವಲಿಗೆ ಎಷ್ಟು ಬೆಳಕು ಎಂಬ ಲೆಕ್ಕವನ್ನು 1935-36ರಲ್ಲಿ ಕೊಟ್ಟವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್. ರಾಮನ್-ನಾಥ್ ಸಿದ್ಧಾಂತ ಎಂದು ಅದು ಇಂದಿಗೂ ಪಠ್ಯಗಳಲ್ಲಿದೆ. ಕೊಳೆ ತೊಳೆಯುವುದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಆದರೆ ಕಿವಿಗೆ ಕೇಳದ ಶಬ್ದವನ್ನು ಕಣ್ಣಿಗೆ ಕಾಣಿಸುವ ವಿದ್ಯೆಯ ಲೆಕ್ಕ ನಮ್ಮ ನೆಲದಲ್ಲಿ ಬಗೆಹರಿದದ್ದು ಎಂಬುದು ನೆನಪಿರಲಿ.

ತೊಟ್ಟಿಯ ಹುಟ್ಟು

ಹಾನಿಯನ್ನು ಕೆಲಸಕ್ಕೆ ಹಚ್ಚಲು ಅಗ್ಗದ ಹರಳು ಬೇಕಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ, ರಷ್ಯಾ, ಜಪಾನ್ ಮೂರೂ ಕಡೆ ಬೇರಿಯಂ ಟೈಟನೇಟ್ ಎಂಬ ಪಿಂಗಾಣಿಯಂಥ ವಸ್ತುವಿನ ಗುಣಗಳು ಬೇರೆಬೇರೆಯಾಗಿ ಬೆಳಕಿಗೆ ಬಂದವು. ಕುಂಬಾರರು ಮಣ್ಣನ್ನು ಸುಡುವಂತೆ ಇದನ್ನು ಬೇಕಾದ ಆಕಾರಕ್ಕೆ ಒತ್ತಿ ಸುಡಬಹುದು. 1950ರ ದಶಕದಲ್ಲಿ ಇದಕ್ಕಿಂತ ಗಟ್ಟಿಗನಾದ ಪಿಜಡ್‌ಟಿ, ಅಂದರೆ ಸೀಸ, ಜಿರ್ಕೋನಿಯಂ, ಟೈಟಾನಿಯಂಗಳ ಪಿಂಗಾಣಿ ಬಂತು. ಅದೇ ದಶಕದಲ್ಲಿ ಕಾರ್ಖಾನೆಗಳಲ್ಲಿ ಬೇರಿಂಗ್, ಗಡಿಯಾರದ ಚಕ್ರ, ಶಸ್ತ್ರಚಿಕಿತ್ಸೆಯ ಉಪಕರಣ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಗಳು ಮಾರುಕಟ್ಟೆಗೆ ಇಳಿದವು. ಇಂದಿನ ಬಹುತೇಕ ತೊಟ್ಟಿಗಳ ತಳಕ್ಕೆ ಅಂಟಿಸಿರುವುದು ಎರಡು ಲೋಹದ ತುಂಡುಗಳ ನಡುವೆ ಬೋಲ್ಟ್ ಹಾಕಿ ಬಿಗಿದ ಪಿಂಗಾಣಿ ಬಳೆ. ಸಬ್‌ಮರೀನ್ ಹುಡುಕಲು ಲಾಂಜೆವಿನ್ ಮಾಡಿದ ಜೋಡಣೆಯೇ ಅದು, ಈಗಲೂ ಅವರ ಹೆಸರಿನಲ್ಲೇ ಕರೆಯುತ್ತಾರೆ.

ಕೆಲಸ ನಡೆಯುವ ಬಗೆ ಸರಳ. ತಳ ಸೆಕೆಂಡಿಗೆ ಸುಮಾರು 40,000 ಸಲ ನಡುಗುತ್ತದೆ. ನೀರು ಒಮ್ಮೆ ಒತ್ತಲ್ಪಟ್ಟು ಒಮ್ಮೆ ಜಗ್ಗಲ್ಪಡುತ್ತದೆ. ಜಗ್ಗಿದಾಗ ಗುಳ್ಳೆ ಹುಟ್ಟುತ್ತದೆ, ಒತ್ತಿದಾಗ ಕುಸಿಯುತ್ತದೆ. ಗುಳ್ಳೆಯ ಅಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಕುಸಿಯುವ ಕ್ಷಣದಲ್ಲಿ ಅದರ ಒಡಲಿನ ಬಿಸಿ 5000 ಡಿಗ್ರಿಯ ಹತ್ತಿರ ಹೋಗಬಲ್ಲದು, ಆದರೆ ಅದು ಎಷ್ಟು ಚಿಕ್ಕ ಜಾಗ, ಎಷ್ಟು ಚಿಕ್ಕ ಗಳಿಗೆ ಎಂದರೆ ಸುತ್ತಲಿನ ನೀರು ಉಗುರುಬೆಚ್ಚಗೇ ಇರುತ್ತದೆ. ವಸ್ತುವಿನ ಮೈ ಪಕ್ಕದಲ್ಲಿ ಕುಸಿಯುವ ಗುಳ್ಳೆ ನೀರಿನ ಸೂಜಿಯೊಂದನ್ನು ಆ ಮೈಯತ್ತ ಚಿಮ್ಮಿಸುತ್ತದೆ. ಕೊಳೆ ಎದ್ದುಬರುತ್ತದೆ. ಪ್ರೊಪೆಲ್ಲರ್ ಕೊರೆದದ್ದೂ ಇದೇ ಸೂಜಿ.

ಬಹುಕಾಲ ಕಾರ್ಖಾನೆಗಳು ನಾಜೂಕಿನ ಬಿಡಿಭಾಗಗಳನ್ನು ಫ್ರಿಯಾನ್, ಟ್ರೈಕ್ಲೋರೋಎಥಿಲೀನ್‌ನಂಥ ರಾಸಾಯನಿಕಗಳಲ್ಲಿ ತೊಳೆದವು. ಫ್ರಿಯಾನ್ ಓಝೋನ್ ಪದರ ತಿನ್ನುತ್ತದೆಂದು ತಿಳಿದು 1987ರ ಮಾಂಟ್ರಿಯಲ್ ಒಪ್ಪಂದ ಬಂದ ಮೇಲೆ, ಸೋಪುನೀರು ಮತ್ತು ಅಲ್ಟ್ರಾಸೌಂಡ್ ಜೋಡಿಗೆ ಬೇಡಿಕೆ ಹೆಚ್ಚಿತು. ರಾಸಾಯನಿಕ ಮಾಡುತ್ತಿದ್ದ ಕೆಲಸವನ್ನು ಗುಳ್ಳೆ ವಹಿಸಿಕೊಂಡಿತು.

ಪೆಟ್ರೋಲ್ ಬಟ್ಟಲು

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿತು. ಮುಂದೆ 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕೊಡುವುದು ರೂಢಿಯಾದಂತೆ ಬಸ್‌ ಸ್ಟ್ಯಾಂಡಿನ ಆಸುಪಾಸಿನಲ್ಲಿ ವಾಚ್ ರಿಪೇರಿಯವರ ಗಾಜಿನ ಪೆಟ್ಟಿಗೆಗಳು ಎದ್ದವು. ಕೀ ಕೊಡುವ ವಾಚಿನ ಎಣ್ಣೆ ಕೆಲವು ವರ್ಷಕ್ಕೆ ಗಟ್ಟಿಯಾಗಿ ಅಂಟಾಗುತ್ತದೆ. ಬಿಚ್ಚಿ, ಚಕ್ರ, ಕಲ್ಲು, ಕೂದಲಿನಂಥ ಸ್ಪ್ರಿಂಗ್ ಎಲ್ಲವನ್ನೂ ತೊಳೆದು ಹೊಸ ಎಣ್ಣೆ ಹಾಕಬೇಕು. ನಮ್ಮ ಕಡೆ ಅದನ್ನು ತೊಳೆಯುತ್ತಿದ್ದದ್ದು ಪುಟ್ಟ ಬಟ್ಟಲಿನ ಪೆಟ್ರೋಲಿನಲ್ಲಿ, ಎಳೆ ಬ್ರಷ್ಷಿನಿಂದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬಟ್ಟಲಿನ ಮೇಲೆ ಬಗ್ಗಿ ಕೂತ ರಿಪೇರಿಯವರು ದಿನವಿಡೀ ಆ ಆವಿಯನ್ನೇ ಉಸಿರಾಡಿದರು.

ದೊಡ್ಡ ಊರುಗಳ, ಹೊರದೇಶಗಳ ರಿಪೇರಿ ಕೋಣೆಗಳಿಗೆ ಅಲ್ಟ್ರಾಸಾನಿಕ್ ತೊಟ್ಟಿ ಬಂದು ದಶಕಗಳಾಗಿದ್ದವು. ಅದು ಬಸ್‌ ಸ್ಟ್ಯಾಂಡಿನ ಗಾಜಿನ ಪೆಟ್ಟಿಗೆಗೆ ಎಟಕುವ ಬೆಲೆಗೆ ಇಳಿಯುವ ಹೊತ್ತಿಗೆ ಕ್ವಾರ್ಟ್ಜ್ ವಾಚು ಬಂದು, ಆಮೇಲೆ ಮೊಬೈಲ್ ಬಂದು, ಬಿಚ್ಚಿ ತೊಳೆಯುವ ಕೆಲಸವೇ ಕಡಿಮೆಯಾಗಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಪೆಟ್ರೋಲ್ ಆವಿಯಿಂದ ಬಿಡುಗಡೆ ಕೊಡಬಹುದಾಗಿದ್ದ ಯಂತ್ರ, ಅದರಿಂದ ಹೆಚ್ಚು ಅನುಕೂಲ ಆಗಬೇಕಿದ್ದವರ ಬದುಕಿಗೆ ತಡವಾಗಿ ಬಂತು. ಯಂತ್ರಗಳ ಚರಿತ್ರೆ ಬರೆಯುವಾಗ ಹುಟ್ಟಿದ ಇಸವಿ ಹೇಳುತ್ತೇವೆ. ಯಾವ ಇಸವಿಯಲ್ಲಿ ಯಾರ ಕೈಗೆ ತಲುಪಿತು ಎಂಬುದನ್ನೂ ಬರೆಯಬೇಕು ಎಂದು ನಮಗೆ ಅನಿಸುತ್ತದೆ.

ಅಕ್ಕಸಾಲಿಗರ ನೀರು

ಒಡವೆ ತೊಳೆಯಲು ನಮ್ಮ ಅಕ್ಕಸಾಲಿಗರು ಬಳಸಿದ್ದು ಅಂಟುವಾಳದ ನೊರೆ ಮತ್ತು ಮೆದು ಬ್ರಷ್. ಇದರಲ್ಲಿ ಚಿನ್ನ ಕರಗುವುದಿಲ್ಲ. ಚಿನ್ನವನ್ನು ಕರಗಿಸುವುದು ಸಾಂದ್ರ ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳನ್ನು ಬೆರೆಸಿದ ಆಕ್ವಾ ರೀಜಿಯಾ. ಊರೂರು ತಿರುಗಿ ಪಾಲಿಶ್ ಮಾಡಿಕೊಡುತ್ತೇವೆ ಎಂದು ಹೆಂಗಸರ ಸರ ಬಿಚ್ಚಿಸಿಕೊಂಡು, ಥಳಥಳ ಹೊಳೆಯುವಂತೆ ಮಾಡಿಕೊಟ್ಟು, ಗ್ರಾಂಗಟ್ಟಲೆ ಚಿನ್ನವನ್ನು ತಮ್ಮ ದ್ರಾವಣದಲ್ಲಿ ಕರಗಿಸಿಕೊಂಡು ಹೋಗುವ ವಂಚಕರ ಕಸುಬು ಇದೇ. ಹೊಳಪು ಕಂಡು ಖುಷಿಪಟ್ಟವರಿಗೆ ಮೋಸ ತಿಳಿಯುವುದು ತಕ್ಕಡಿಗೆ ಹಾಕಿದಾಗ.

ಅಲ್ಟ್ರಾಸಾನಿಕ್ ತೊಟ್ಟಿಯ ಸೋಪುನೀರು ಚಿನ್ನವನ್ನು ಕರಗಿಸುವುದಿಲ್ಲ. ಹಾಗೆಂದು ಎಲ್ಲ ಒಡವೆಯೂ ಅದಕ್ಕೆ ಯೋಗ್ಯವಲ್ಲ. ಮುತ್ತು, ಹವಳಗಳ ಮೈ ಮೆದು, ಗುಳ್ಳೆಯ ಏಟಿಗೆ ಹೊಳಪು ಕಳೆದುಕೊಳ್ಳುತ್ತವೆ. ಪಚ್ಚೆಯ ಸೀಳುಗಳಿಗೆ ಎಣ್ಣೆ ತುಂಬಿರುವುದು ವಾಡಿಕೆ, ಆ ಎಣ್ಣೆ ಹೊರಬಂದರೆ ಸೀಳು ಎದ್ದು ಕಾಣುತ್ತದೆ. ತಾಳಿಸರದ ಗುಂಡುಗಳಲ್ಲಿ ಅರಗು ತುಂಬಿದ್ದರೆ ಬಿಸಿನೀರಿಗೆ ಅದು ಸಡಿಲವಾಗುತ್ತದೆ. ಹಳೆಯ ಜಡೆಬಿಲ್ಲೆ, ಓಲೆಗಳಲ್ಲಿ ಹರಳಿನ ಹಿಂದೆ ಹೊಳಪಿಗೆ ತಗಡಿನ ಹಾಳೆ ಇಟ್ಟಿರುತ್ತಾರೆ, ನೀರು ನುಗ್ಗಿದರೆ ಹರಳು ಮಂಕಾಗುತ್ತದೆ. ಅಂಗಡಿಗೆ ಕೊಡುವ ಮುಂಚೆ ಹರಳು ಎಣಿಸಿ, ತೂಕ ಹಾಕಿಸಿ, ಎದುರಿಗೇ ತೊಳೆಸಿ. ಯಂತ್ರದ ಮೇಲೆ ಅನುಮಾನ ಇಲ್ಲದವರಿಗೂ ಇದು ಒಳ್ಳೆಯ ಅಭ್ಯಾಸ.

ತೊಟ್ಟಿಯ ತಳದಲ್ಲಿ ಉಳಿಯುವ ಕೆಸರಿಗೂ ಒಂದು ಕಥೆಯಿದೆ. ಕುವೆಂಪು ನಾಟಕದಿಂದಾಗಿ 'ಜಲಗಾರ' ಎಂದರೆ ಬೀದಿ ಗುಡಿಸುವವನು ಎಂದಷ್ಟೇ ನಮಗೆ ಗೊತ್ತು. ಆದರೆ ಅಕ್ಕಸಾಲಿಗರ ಅಂಗಡಿಯ ಕಸ, ಚರಂಡಿಯ ಮಣ್ಣು, ಹಳ್ಳದ ಮರಳನ್ನು ಜಾಲಿಸಿ ಚಿನ್ನದ ಕಣ ತೆಗೆಯುತ್ತಿದ್ದವರೂ ಜಲಗಾರರೇ. ಕಪ್ಪತಗುಡ್ಡದ ಸೀಮೆಯಲ್ಲಿ ಅವರ ಕಸುಬು ಹೆಸರಾಗಿತ್ತು. ಇಂದು ಒಡವೆ ತಯಾರಿಸುವ ಕಾರ್ಖಾನೆಗಳು ಅಲ್ಟ್ರಾಸಾನಿಕ್ ತೊಟ್ಟಿಯ ಕೆಸರನ್ನು ಚೆಲ್ಲದೆ ಚಿನ್ನ ಶುದ್ಧಿ ಮಾಡುವವರಿಗೆ ಕೊಡುತ್ತವೆ, ಪಾಲಿಶ್ ಪುಡಿಯ ಜೊತೆ ಚಿನ್ನದ ಕಣವೂ ಅದರಲ್ಲಿರುತ್ತದೆ. ಜಾಲಿಸುವ ಕೆಲಸ ಮುಗಿದಿಲ್ಲ, ಕೈ ಬದಲಾಗಿದೆ.

ಮಾದರಿ ಮಾಡುವವರ ಮೇಜಿನಿಂದ ಬಚ್ಚಲಿನವರೆಗೆ

ಮನೆಗೆ ಕೊಳ್ಳುವವರು ಮೊದಲು ಒಂದು ಪರೀಕ್ಷೆ ಮಾಡಲಿ. ರೊಟ್ಟಿ ಸುತ್ತುವ ತೆಳು ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ನೇತುಬಿಟ್ಟು ಒಂದೆರಡು ನಿಮಿಷ ಯಂತ್ರ ಓಡಿಸಿ. ಹಾಳೆಯ ಮೈಮೇಲೆ ಸಣ್ಣ ಗುಳಿ, ಸೂಜಿ ತೂತು ಬಿದ್ದರೆ ಅದು ನಿಜವಾದ ಅಲ್ಟ್ರಾಸಾನಿಕ್. ಏನೂ ಆಗದಿದ್ದರೆ, ಬರೀ ಮೋಟಾರ್ ನಡುಗಿಸುವ ಡಬ್ಬಿಗೆ ಆ ಹೆಸರಿಟ್ಟು ಮಾರಿರುವ ಸಾಧ್ಯತೆ ಹೆಚ್ಚು. ಹಾಳೆಯ ಮೇಲೆ ಬಿದ್ದದ್ದು, ನೂರು ವರ್ಷದ ಹಿಂದೆ ಪ್ರೊಪೆಲ್ಲರ್ ಮೇಲೆ ಬಿದ್ದ ಅದೇ ಗುಳಿ.

ಪ್ಲಾಸ್ಟಿಕ್ ಮಾದರಿಗಳ ಬಿಡಿಭಾಗಗಳ ಮೇಲೆ ಅಚ್ಚಿನ ಎಣ್ಣೆ ಉಳಿದಿರುತ್ತದೆ, ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಎರಡು ಮೂರು ನಿಮಿಷ ಸಾಕು. ಚಿಕ್ಕ ಭಾಗಗಳನ್ನು ಟೀ ಸೋಸುವ ಜಾಲರಿಯಲ್ಲಿಟ್ಟು ಇಳಿಬಿಡಬೇಕು. ಹಿತ್ತಾಳೆಯ ತೆಳು ಭಾಗಗಳು, ಆಟಿಕೆ ರೈಲಿನ ಲೋಹದ ಗಾಲಿಗಳು, ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನ ಮೂತಿ ಇದಕ್ಕೆ ಹೇಳಿ ಮಾಡಿಸಿದಂಥವು. ಅಂಟಿಸಿ ಮುಗಿಸಿದ, ಬಣ್ಣ ಬಳಿದು ಚೀಟಿ ಹಚ್ಚಿದ ಮಾದರಿಯನ್ನು ಹಾಕಿದರೆ ಅಂಟು, ಬಣ್ಣ, ಚೀಟಿ ಮೂರೂ ಎದ್ದುಬರಬಹುದು. ಚನ್ನಪಟ್ಟಣದ ಅರಗಿನ ಬೊಂಬೆ ಮರದ್ದು, ನೀರು ಕುಡಿಯುತ್ತದೆ. ಬಿದರಿ ಸಾಮಾನಿನ ಬೆಲೆಯೇ ಅದರ ಮೈಯ ಕಪ್ಪಿನಲ್ಲಿದೆ. ಇವೆರಡನ್ನೂ ಒಣ ಬಟ್ಟೆಗೇ ಬಿಡಿ.

ಮನೆಯ ಸಾಮಾನಿನಲ್ಲಿ ಗಟ್ಟಿಮುಟ್ಟಾದ ಕನ್ನಡಕ, ಕೃತಕ ದಂತ, ಬಾಚಣಿಗೆ, ರೇಜರ್ ತಲೆ, ನಲ್ಲಿಯ ಜಾಲರಿ ಇವಕ್ಕೆ ತೊಂದರೆಯಿಲ್ಲ. ಲೇಪನ ಬಿರುಕು ಬಿಟ್ಟ ಕನ್ನಡಕದ ಗಾಜು, ಕೈಯಲ್ಲಿ ಕಟ್ಟಿದ ವಾಚು ಇಡಿಯಾಗಿ, ಕಿವಿಯ ಶ್ರವಣ ಯಂತ್ರ ಬೇಡವೇ ಬೇಡ. ತೊಟ್ಟಿಯಲ್ಲಿ ತೊಳೆದದ್ದು ಶುಚಿಯಾಗುತ್ತದೆ, ರೋಗಾಣುಮುಕ್ತ ಆಗುವುದಿಲ್ಲ. ದಂತ ವೈದ್ಯರು ಉಪಕರಣವನ್ನು ಇದರಲ್ಲಿ ತೊಳೆದ ಮೇಲೂ ಆಟೋಕ್ಲೇವ್‌ನಲ್ಲಿ ಹಬೆಗೆ ಇಡುವುದು ಅದಕ್ಕೇ.

ಪೆಟ್ರೋಲ್, ಥಿನ್ನರ್, ಸ್ಪಿರಿಟ್ ಇದಕ್ಕೆ ಯಾವತ್ತೂ ಸುರಿಯಬಾರದು. ನಡುಕ ದ್ರವವನ್ನು ಬಿಸಿ ಮಾಡಿ ಆವಿ ಎಬ್ಬಿಸುತ್ತದೆ, ಕೆಳಗೆ ವಿದ್ಯುತ್ ಇದೆ, ಬೆಂಕಿಗೆ ಒಂದು ಕಿಡಿ ಸಾಕು. ನೀರಿಲ್ಲದೆ ಓಡಿಸಬಾರದು. ವಸ್ತುವನ್ನು ನೇರ ತಳಕ್ಕೆ ಇಡಬಾರದು, ಬುಟ್ಟಿಯಲ್ಲಿ ತೂಗಬೇಕು. ಹೊಸದಾಗಿ ಹಾಕಿದ ನೀರಿನಲ್ಲಿ ಗಾಳಿ ಕರಗಿರುತ್ತದೆ, ಅದು ಗುಳ್ಳೆಯ ಏಟನ್ನು ಮೆತ್ತಗಾಗಿಸುತ್ತದೆ. ಹಾಗಾಗಿ ಐದು ನಿಮಿಷ ಖಾಲಿ ನೀರನ್ನು ಓಡಿಸಿ, ನಂತರ ವಸ್ತು ಇಳಿಸುವುದು ಲೇಸು. ಓಡುವಾಗ ಕೈ ಹಾಕಬಾರದು. ಲಾಂಜೆವಿನ್ ಕಂಡ ನೋವು ಮನೆಯ ಚಿಕ್ಕ ತೊಟ್ಟಿಯಲ್ಲಿ ಅಷ್ಟಿರಲಿಕ್ಕಿಲ್ಲ, ಆದರೆ ಅದು ಅದೇ ಶಬ್ದ.

ಗುಳ್ಳೆಗೆ ಕೊಳೆ ಯಾವುದು, ಒಡವೆ ಯಾವುದು ಎಂಬ ಭೇದ ಗೊತ್ತಿಲ್ಲ. ಸಡಿಲವಾಗಿ ಅಂಟಿಕೊಂಡದ್ದನ್ನೆಲ್ಲ ಅದು ಕೀಳುತ್ತದೆ, ಜಿಡ್ಡಾದರೂ ಸರಿ, ಹರಳಾದರೂ ಸರಿ. ಆ ಭೇದವನ್ನು ಗುಂಡಿ ಒತ್ತುವ ಮುಂಚೆ ನಾವೇ ಮಾಡಬೇಕು.